ಆಫ್ರಿಕಾ ಪ್ರಯಾಣಕ್ಕೆ ಮಲೇರಿಯಾ ಮಾತ್ರೆ
ಮಲೇರಿಯಾ ತಡೆಯುವ ಮಾತ್ರೆ ಬೇಕೇ ಬೇಡವೇ ಎಂಬುದು ದೇಶದ ಹೆಸರೊಂದರಿಂದಲೇ ತೀರ್ಮಾನವಾಗದು. ಹೋಗುವ ಊರು, ಅದರ ಎತ್ತರ, ಮಳೆಗಾಲ, ತಂಗುವ ಅವಧಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೆನ್ಯಾದಲ್ಲೇ ಸುಮಾರು 1,700 ಮೀಟರ್ ಎತ್ತರದ ನೈರೋಬಿಯಲ್ಲಿ ಅಪಾಯ ಕಡಿಮೆ. ಮೊಂಬಾಸಾ ಕರಾವಳಿಯಲ್ಲಿ, ವಿಕ್ಟೋರಿಯಾ ಸರೋವರದ ಸುತ್ತ ಹೆಚ್ಚು. ಅಲ್ಲಿನದು ಬಹುಪಾಲು ಫಾಲ್ಸಿಪ್ಯಾರಮ್, ಮಿದುಳಿಗೇರಿ ಕೊಲ್ಲಬಲ್ಲ ಬಗೆ, ಮಲೇರಿಯಾ ಮಾತ್ರೆಯಾದ ಕ್ಲೋರೋಕ್ವಿನ್‌ಗೆ ಬಗ್ಗುವುದಿಲ್ಲ. ಮಂಗಳೂರಿನಲ್ಲಿ ಒಮ್ಮೆ ಮಲೇರಿಯಾ ಅನುಭವಿಸಿದವರಿಗೆ ಅದು ತಟ್ಟದೆಂಬ ಧೈರ್ಯ ಹುಸಿ. ತಡೆಯುವ ಮಾತ್ರೆ ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲೇ ಶುರುಮಾಡಿ, ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಊರು ಸೇರಿದ ನೆಮ್ಮದಿಯಲ್ಲಿ ಮರೆಯುವುದು ಸುಲಭ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಸಲ್ಲದು, ಹಾಗಾಗಿ ಮಾತ್ರೆಯ ಆಯ್ಕೆ ವೈದ್ಯರದೇ. ಸೊಳ್ಳೆಪರದೆಯನ್ನಂತೂ ಬಿಡುವಂತಿಲ್ಲ. ಮರಳಿದ ಕೆಲವು ತಿಂಗಳೊಳಗೆ ಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಆಗಬೇಕು, ಹೋಗಿಬಂದ ಊರನ್ನು ವೈದ್ಯರಿಗೆ ತಿಳಿಸಬೇಕು.