ಸಂಬಳ ಕೇಳುವವರು ರಕ್ತದ ವರದಿಯನ್ನೂ ಕೇಳಲಿ

ಮುಂಬ್ರಾದ ನಮ್ಮ ಕನ್ನಡದ ಮನೆಗಳಲ್ಲಿ ಮದುವೆ ಮಾತು ಎಂದರೆ ಸಂಬಳ, ಸ್ವಂತ ಮನೆ, ಊರಿನ ಸಂಬಂಧ. ರಕ್ತಪರೀಕ್ಷೆ ಎಂದರೆ ಸಾಕು, ‘ಅಪಶಕುನ ನುಡಿಯಬೇಡ’ ಎನ್ನುತ್ತಾರೆ. ನಾನು ನುಡಿಯುತ್ತೇನೆ.

ಥಲಸ್ಸೀಮಿಯಾ ವಾಹಕರಲ್ಲಿ ಸಾಮಾನ್ಯವಾಗಿ ಯಾವ ಕಾಯಿಲೆಯೂ ಕಾಣಿಸದು. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ತೀವ್ರವಾದರೆ ಕೆಲವೇ ವಾರಗಳಿಗೊಮ್ಮೆ ರಕ್ತ, ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ಔಷಧ. ಸೋದರಮಾವ, ಅತ್ತೆ ಮಗ ಎಂದು ನಂಟರೊಳಗೇ ಕೊಟ್ಟು ತರುವ ನಮ್ಮಲ್ಲಿ ಒಂದೇ ಜೀನು ಎರಡೂ ಕಡೆಯಿಂದ ಇಳಿಯುವ ಅವಕಾಶ ಹೆಚ್ಚು.

‘ಜೀನ್ ತಿದ್ದುವ ಚಿಕಿತ್ಸೆ ಬಂದಿದೆಯಲ್ಲ’ ಎನ್ನುವವರಿದ್ದಾರೆ. ಬಂದಿದೆ, 2023ರಲ್ಲಿ ಬ್ರಿಟನ್ ಕ್ಯಾಸ್‌ಜೆವಿಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಲೋಕಲ್ ಪಾಸಿಗೂ ಲೆಕ್ಕ ಹಾಕುವ ನಾವು ಅದನ್ನು ನಂಬಿ ಕೂರಬೇಕೆ? ವಾಹಕರನ್ನು ಪತ್ತೆ ಹಚ್ಚುವ ಎಚ್‌ಬಿಎ2 ಪರೀಕ್ಷೆಗೆ ಬೇಕಾದ್ದು ಒಂದಿಷ್ಟು ರಕ್ತ. ಪರೇಲ್‌ನ ಕೆಇಎಂ ಆವರಣದಲ್ಲೇ ಇಂಥ ರಕ್ತರೋಗಗಳನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯಿದೆ.

ಆದರೆ ಒಂದು ಷರತ್ತು. ಪರೀಕ್ಷೆ ಹುಡುಗಿಗೆ ಮಾತ್ರವಲ್ಲ. ಮೊದಲು ಹುಡುಗನಿಗೇ ಆಗಲಿ. ವರದಿ ಅವರಿಬ್ಬರದು, ಸಂಘದ ವಾಟ್ಸಾಪ್‌ನದಲ್ಲ. ಒಬ್ಬರೇ ವಾಹಕರಾದರೆ ಮದುವೆಗೆ ಅಡ್ಡಿಯಿಲ್ಲ. ಇಬ್ಬರೂ ಆಗಿದ್ದರೂ ಭ್ರೂಣಪರೀಕ್ಷೆಯ ದಾರಿಯಿದೆ. 1994ರ ಕಾಯ್ದೆ ನಿಷೇಧಿಸಿರುವುದು ಲಿಂಗ ಪತ್ತೆಯನ್ನು, ಈ ರೋಗದ ಪತ್ತೆಯನ್ನಲ್ಲ. ಆಮೇಲಿನ ತೀರ್ಮಾನ ಹೊತ್ತವಳದು, ಅತ್ತೆ ಮಾವನದಲ್ಲ. ಹುಟ್ಟಿದ ಮಗುವನ್ನು ‘ದೋಷ’ವೆಂದು ಕರೆಯುವ ಹಕ್ಕಂತೂ ಯಾರಿಗೂ ಇಲ್ಲ.