ಬೆರಳಿನ ವಿದ್ಯೆಗೂ ಬೆಲೆ ಸಿಗಲಿ

ಪದವಿ ಮುಗಿಸಿ ಎರಡು ವರ್ಷವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮೂರು ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಯಲ್ಲಿದೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ ಈ ಸಂಸ್ಥೆಯ ವಿಭೂತಿ ಎಲ್ಲರಿಗೂ ಗೊತ್ತು. ಅದನ್ನು ಗಟ್ಟಿ ಮಾಡುವ ಕೈಗಳ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕೈಕೆಲಸವೆಂದರೆ ಓದು ಹತ್ತದವರ ಪಾಡು ಎಂದೇ ನಂಬಿದ್ದೆ.

ಈ ನಂಬಿಕೆಯನ್ನು ಮೊದಲು ಅಲುಗಾಡಿಸಿದ್ದು ಮೊಬೈಲಿನಲ್ಲಿ ಕಂಡ ಒಂದು ವಿಡಿಯೊ. ಉಗುರಿಗಿಂತ ಚಿಕ್ಕದಾದ ಮೀನಿನ ಗಾಳಕ್ಕೆ ಒಬ್ಬರು ಹಕ್ಕಿಯ ಗರಿಯ ಎಳೆಗಳನ್ನು ದಾರದಿಂದ ಸುತ್ತುತ್ತಿದ್ದರು. ಹತ್ತು ನಿಮಿಷದಲ್ಲಿ ಗಾಳ ಹೋಗಿ ರೆಕ್ಕೆಯ ಹುಳುವೊಂದು ಕೂತಿತ್ತು. ಇದಕ್ಕೆ 'ಫ್ಲೈ ಟೈಯಿಂಗ್' ಎನ್ನುತ್ತಾರೆ. ದಾರ ಬಿಗಿಯಾದರೆ ಗರಿ ಮುರಿಯುತ್ತದೆ, ಸಡಿಲವಾದರೆ ಜಾರುತ್ತದೆ. ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯ ಕುತ್ತಿಗೆಯ ಗರಿಗೂ ಈ ಲೋಕದಲ್ಲಿ ಬಹಳ ಬೇಡಿಕೆಯಿತ್ತು, ಈಗ ಅದರ ರಫ್ತಿಗೆ ನಿಷೇಧವಿದೆ. 2009ರಲ್ಲಿ ಎಡ್ವಿನ್ ರಿಸ್ಟ್ ಎಂಬ ಸಂಗೀತ ವಿದ್ಯಾರ್ಥಿ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮ ಕದ್ದದ್ದೂ ಇಂಥ ಗರಿಗಳ ಆಸೆಗೇ. ವಿಡಿಯೊದ ಕೆಳಗೆ ಸಾವಿರಾರು ಜನ 'ಎಂಥ ಕಲೆ!' ಎಂದು ಬರೆದಿದ್ದರು.

ಮರುವಾರ ಇಳಕಲ್ಲಿನ ಚಿಗವ್ವನ ಮನೆಗೆ ಹೋದೆ. ಚಿಗವ್ವ ಸೀರೆಗೆ ಸೆರಗು ಜೋಡಿಸುತ್ತಿದ್ದಳು. ಇಳಕಲ್ ಸೀರೆಯ ವಿಶೇಷವೇ ಅದು. ಮೈಭಾಗದ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾದರೆ ಸೆರಗು ರೇಷ್ಮೆಯದೋ ಚಮಕಾದ್ದೋ ಇರುತ್ತದೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಹಾಯಿಸಿ ಸಾವಿರಾರು ಎಳೆ ಕೂಡಿಸಬೇಕು. ಆಮೇಲೆ ಮಗ್ಗದ ಮಾತು. ಒಂದು ಸೀರೆಗೆ ಕೂಡಿಸಿದ್ದು ಇನ್ನೊಂದಕ್ಕೆ ಬರುವುದಿಲ್ಲ, ಪ್ರತಿ ಸೀರೆಗೂ ಮೊದಲಿನಿಂದ ಶುರು.

ಚಿಕ್ಕಂದಿನಿಂದ ನೋಡಿದ ಕೆಲಸವೇ. ಅಂದು ಮಾತ್ರ ವಿಡಿಯೊದ ಬೆರಳುಗಳು ನೆನಪಾದವು. 'ನನಗೂ ಕಲಿಸು' ಎಂದೆ. ಚಿಗವ್ವ ನಕ್ಕಳು. ಒಂದು ತಾಸಿನಲ್ಲಿ ನಾನು ಕೂಡಿಸಿದ್ದು ಹನ್ನೆರಡು ಎಳೆ, ಅದರಲ್ಲಿ ಮೂರು ಹರಿದವು. ಹೊಲದ ಕೆಲಸಕ್ಕೆ ಒರಟಾದ ನನ್ನ ಬೆರಳಿಗೆ ರೇಷ್ಮೆ ಸಿಕ್ಕಿಕೊಳ್ಳುತ್ತಿತ್ತು. 'ಜಗ್ಗಬ್ಯಾಡೋ ತಮ್ಮಾ, ಹಿಡಿ. ಹಿಡಿಯೂದಕ್ಕೂ ಜಗ್ಗೂದಕ್ಕೂ ಫರಕ್ ಐತಿ' ಅಂದಳು. ಆ ಫರಕ್ ಯಾವ ಗೈಡಿನಲ್ಲೂ ಸಿಗುವುದಿಲ್ಲ. ನಾಲ್ಕನೇ ಸಲ ಹೋದಾಗ ನನ್ನ ಬೆರಳಿಗೆ ಅದು ಸ್ವಲ್ಪ ತಿಳಿಯಿತು.

'ಇದಕ್ಕೆ ಎಷ್ಟು ಕೊಡ್ತಾರ?' ಎಂದು ಕೇಳಿದೆ. ಸೀರೆಗೆ ಇಷ್ಟು ಕೂಲಿ ಎಂದು ಚಿಗಪ್ಪನ ಕೈಗೆ ಬರುತ್ತದೆ, ಜೋಡಣೆಗೆಂದು ಬೇರೆ ಲೆಕ್ಕವಿಲ್ಲ. ಸೀರೆಯನ್ನು ಇಳಕಲ್ ಸೀರೆಯನ್ನಾಗಿ ಮಾಡುವ ಕೆಲಸವೇ ಲೆಕ್ಕದ ಹೊರಗೆ! ಚಿಗವ್ವನ ಮಗಳು ಮಗ್ಗದ ಹತ್ತಿರ ಸುಳಿಯುವುದಿಲ್ಲ. ಬಾಗಲಕೋಟೆಯ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾಳೆ. ತಿಂಗಳಿಗೊಮ್ಮೆ ಅವಳ ಹೆಸರಿಗೇ ಸಂಬಳ ಬರುತ್ತದೆ. ಅವಳದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ 'ಯುವಕರೇ, ಪರಂಪರೆ ಉಳಿಸಿ' ಎಂಬ ಉಪದೇಶ ನಾನು ಮಾಡಲಾರೆ. ಹೊಟ್ಟೆ ತುಂಬದ ಪರಂಪರೆಯನ್ನು ಹೊರಲು ನಮ್ಮ ತಂಗಿಯರಿಗೇ ಏಕೆ ಹೇಳಬೇಕು? ಹವ್ಯಾಸಕ್ಕೆ ಗರಿ ಕಟ್ಟುವವರು ಕಲಾವಿದರು, ಹೊಟ್ಟೆಪಾಡಿಗೆ ಎಳೆ ಕಟ್ಟುವವರು ಕೂಲಿಗಳು ಎಂಬ ಲೆಕ್ಕ ಮೊದಲು ಬದಲಾಗಲಿ. ಕೂಲಿಯಲ್ಲಿ ನೇಯ್ಗೆಗೆ ಇಷ್ಟು, ಜೋಡಣೆಗೆ ಇಷ್ಟು ಎಂದು ಬೇರೆ ಬೇರೆ ಬರೆಯಲಿ. ಜೋಡಣೆಯ ಹಣ ಜೋಡಿಸಿದವರ ಖಾತೆಗೇ ಹೋಗಲಿ. ಕಂಪ್ಯೂಟರ್ ಕೋರ್ಸಿಗೆ ಕೊಡುವಂತೆ ಈ ವಿದ್ಯೆಗೂ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಲಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಊರಿನ ಹೆಸರಿಗೆ ಸಿಕ್ಕ ಮಾನ ಕೈಗಳಿಗೂ ಸಿಗಬೇಡವೇ?

ನಮ್ಮ ಪಾಲಿನದೂ ಒಂದಿದೆ. ಕಾಲೇಜಿನ ಎಥ್ನಿಕ್ ಡೇಗೆ ಇಳಕಲ್ ಸೀರೆ ಕೊಳ್ಳುವಾಗ 'ಸೆರಗು ಕೈಯಲ್ಲಿ ಜೋಡಿಸಿದ್ದೇ? ಯಾರು ಜೋಡಿಸಿದ್ದು?' ಎಂದು ಅಂಗಡಿಯವರನ್ನು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವರು ಉತ್ತರ ಸಿದ್ಧ ಇಟ್ಟುಕೊಳ್ಳುತ್ತಾರೆ.

ನಾನು ಓದು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊನ್ನೆ ಖಾಸಗಿ ಕೆಲಸವೊಂದಕ್ಕೆ ಅರ್ಜಿ ತುಂಬುವಾಗ 'ಇತರ ಕೌಶಲ' ಎಂಬ ಕಡೆ ಟೈಪಿಂಗ್ ಎಂದು ಬರೆದೆ. ಅದರ ಮುಂದೆ 'ಇಳಕಲ್ ಸೀರೆಯ ಸೆರಗು ಜೋಡಣೆ, ಕಲಿಯುತ್ತಿದ್ದೇನೆ' ಎಂದೂ ಸೇರಿಸಿದೆ. ಓದಿದವರು ನಗಬಹುದು. ನಕ್ಕವರ ಕೈಗೆ ಎರಡು ಎಳೆ ಕೊಟ್ಟು, ಹರಿಯದಂತೆ ಕೂಡಿಸಿ ಎಂದು ಕೇಳುವಷ್ಟು ಧೈರ್ಯ ಈಗ ನನಗಿದೆ.