ಡಬ್ಬಿಯ ತಿರುವು ಬೇಡ, ಬಾಗುವ ಹಳಿ ಬೇಕು



ನಮ್ಮ ಸಂಘದ ಮಕ್ಕಳ ಬಳಗವು ಈ ಸಲದ ರಾಜ್ಯೋತ್ಸವದ ಪ್ರದರ್ಶನಕ್ಕಾಗಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲುಮಾರ್ಗದ ಮಾದರಿಯನ್ನು ಕಟ್ಟಲು ಹೊರಟಿರುವುದು ತಮಗೆಲ್ಲ ತಿಳಿದಿದೆ. ಹಲಗೆಗಳು ಸಿದ್ಧವಾಗಿವೆ. ಇಂಜಿನ್ನು ಮತ್ತು ಬೋಗಿಗಳನ್ನು ಎರವಲು ಕೊಡಲು ಕೆಲವು ಕುಟುಂಬಗಳು ಒಪ್ಪಿವೆ. ಉಳಿದಿರುವುದು ಹಳಿಯ ಖರೀದಿ ಮಾತ್ರ. ಈ ಹಂತದಲ್ಲಿ, ಡಬ್ಬಿಯಲ್ಲಿ ಬರುವ ಸಿದ್ಧ ತುಂಡುಗಳ ಹಳಿಯನ್ನೇ, ಅಂದರೆ ಸೆಟ್ ಟ್ರ್ಯಾಕನ್ನೇ, ಕೊಂಡುಬಿಡೋಣ ಎಂಬ ಅಭಿಪ್ರಾಯ ದಿನೇ ದಿನೇ ಬಲವಾಗುತ್ತಿದೆ. ‘ಮಕ್ಕಳ ಆಟ, ಅದಕ್ಕೇಕೆ ಇಷ್ಟು ತಲೆನೋವು?’ ಎಂಬ ಧೋರಣೆ ಅದರ ಹಿಂದಿದೆ. ನಾನು ಅದನ್ನು ಖಂಡಿತವಾಗಿ ವಿರೋಧಿಸುತ್ತೇನೆ. ಸಭೆಯಲ್ಲಿ ದೊರೆಯುವ ಎರಡು ನಿಮಿಷಗಳಲ್ಲಿ ಕಾರಣಗಳನ್ನು ಹೇಳಿ ಮುಗಿಸಲಾಗದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಬಗೆಯ ಹಳಿಗಳ ವ್ಯತ್ಯಾಸವನ್ನು ತಿಳಿಯೋಣ. ಬ್ರಿಟನ್ನಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ‘ಓಓ’ ಅಳತೆಯಲ್ಲಿ, ಅಂದರೆ ನಿಜದ 76ರಲ್ಲಿ ಒಂದು ಪಾಲಿನ ಮಾದರಿಯಲ್ಲಿ, ಸೆಟ್ ಟ್ರ್ಯಾಕಿನ ತಿರುವುಗಳು ಸಾಮಾನ್ಯವಾಗಿ ನಾಲ್ಕೇ ತ್ರಿಜ್ಯಗಳಲ್ಲಿ ಬರುತ್ತವೆ: 371, 438, 505 ಮತ್ತು 572 ಮಿಲಿಮೀಟರ್. ಕಾರ್ಖಾನೆ ಬಗ್ಗಿಸಿಕೊಟ್ಟಷ್ಟೇ ನಮ್ಮ ರೈಲು ಬಗ್ಗಬೇಕು. ಫ್ಲೆಕ್ಸಿ ಟ್ರ್ಯಾಕ್, ಅಂದರೆ ಬಾಗುವ ಹಳಿ, ಸುಮಾರು 914 ಮಿಲಿಮೀಟರ್ ಉದ್ದದ, ಅಂದರೆ ಒಂದು ಗಜದ ಪಟ್ಟಿಯಾಗಿ ದೊರೆಯುತ್ತದೆ. ಡೆವನ್ ಪ್ರಾಂತದ ಬಿಯರ್ ಎಂಬ ಊರಿನ ಪೆಕೊ ಕಂಪನಿಯ ಹಳಿ ಇಲ್ಲಿ ಮನೆಮಾತಾಗಿದೆ. ಅದರ ಪ್ಲಾಸ್ಟಿಕ್ ಸ್ಲೀಪರುಗಳ ನಡುವಿನ ಬೆಸುಗೆಯನ್ನು ಅಲ್ಲಲ್ಲಿ ಬಿಡಿಸಿರುವುದರಿಂದ ಪಟ್ಟಿಯನ್ನು ನಮಗೆ ಬೇಕಾದ ತಿರುವಿಗೆ ಕೈಯಿಂದಲೇ ಬಗ್ಗಿಸಬಹುದು.

ಈಗ ನಾವು ಕಟ್ಟಹೊರಟಿರುವುದು ಯಾವ ಮಾರ್ಗವನ್ನು ಎಂಬುದನ್ನು ನೆನೆಯಿರಿ. 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದು, ಬಳಿಕ ಬ್ರಾಡ್‌ಗೇಜಿಗೆ ಬದಲಾದ ಹಾಸನ–ಮಂಗಳೂರು ಮಾರ್ಗದ ಎದೆಗೂಡು ಈ ಘಾಟಿ. ಸುಮಾರು 55 ಕಿಲೋಮೀಟರ್ ಉದ್ದದಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, 50 ಮೀಟರಿಗೆ ಒಂದು ಮೀಟರ್ ಏರು. ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು ಎಂಬ ನಿಲ್ದಾಣಗಳ ಹೆಸರು ಕೇಳಿದರೇ ಕಾಡಿನ ತಂಪು ಮೈಗೆ ಸೋಕುತ್ತದೆ. ಅಲ್ಲಿ ಹಳಿ ಬಾಗಿರುವುದು ಬೆಟ್ಟ ಹೇಳಿದಂತೆ. ಒಂದೆಡೆ ನಿಧಾನವಾಗಿ, ಒಂದೆಡೆ ಬಿಗಿಯಾಗಿ, ಸೇತುವೆಯ ಮೇಲೂ ತಿರುವು, ಸುರಂಗದ ಒಳಗೂ ತಿರುವು. ಆ ತಿರುವೇ ಘಾಟಿಯ ಜೀವ. ಅದನ್ನು ಬಿಟ್ಟು ಬೆಟ್ಟಕ್ಕೆ ಹಸಿರು ಬಣ್ಣ ಬಳಿದರೆ ಅದು ಸಕಲೇಶಪುರದ ಘಾಟಿಯಾಗದು.

ಲೆಕ್ಕವನ್ನೇ ನೋಡೋಣ. ಭಾರತೀಯ ರೈಲ್ವೆಯು ಬ್ರಾಡ್‌ಗೇಜಿಗೆ ಒಪ್ಪುವ ಅತಿ ಬಿಗಿಯಾದ ತಿರುವು 10 ಡಿಗ್ರಿಯದು. ಅದರ ತ್ರಿಜ್ಯ 175 ಮೀಟರ್. ನ್ಯಾರೋಗೇಜಿಗೂ 44 ಮೀಟರಿಗಿಂತ ಬಿಗಿಯಾದ ತಿರುವನ್ನು ಅದು ಒಪ್ಪುವುದಿಲ್ಲ. ಡಬ್ಬಿಯ ನಾಲ್ಕು ತಿರುವುಗಳನ್ನು 76ರಿಂದ ಗುಣಿಸಿದರೆ ಸಿಗುವುದು ಸುಮಾರು 28, 33, 38 ಮತ್ತು 43 ಮೀಟರ್. ಅಂದರೆ ಡಬ್ಬಿಯ ಅತ್ಯಂತ ವಿಶಾಲವಾದ ತಿರುವು ಕೂಡ ನ್ಯಾರೋಗೇಜಿನ ಪುಟ್ಟ ಗಾಡಿಗೇ ನಿಷಿದ್ಧ! 175 ಮೀಟರಿನ ತಿರುವನ್ನು ನಮ್ಮ ಹಲಗೆಯ ಮೇಲೆ ತಪ್ಪಿಲ್ಲದೆ ತೋರಿಸಲು 2.3 ಮೀಟರ್ ತ್ರಿಜ್ಯ ಬೇಕು. ಅದು ಎಲ್ಲೆಡೆ ಸಾಧ್ಯವಾಗದು, ಒಪ್ಪುತ್ತೇನೆ. ಆದರೆ 900 ಮಿಲಿಮೀಟರ್ ಸಾಧ್ಯ. ಅದನ್ನು ಡಬ್ಬಿ ಕೊಡುವುದಿಲ್ಲ, ಬಾಗುವ ಹಳಿ ಕೊಡುತ್ತದೆ.

ಇದು ಕೇವಲ ಅಂದದ ಮಾತಲ್ಲ. ನಮ್ಮೂರಿನ ಹಳೆಯ ನೀಲಿ ಬೋಗಿಯೊಂದು 21 ಮೀಟರಿಗೂ ಉದ್ದ. ಮಾದರಿಯಲ್ಲಿ ಅದು 280 ಮಿಲಿಮೀಟರ್ ಆಗುತ್ತದೆ. 371ರ ತಿರುವಿನಲ್ಲಿ ಅದರ ನಡುಭಾಗ ಹಳಿಯ ಮಧ್ಯರೇಖೆಯಿಂದ ಸುಮಾರು 13 ಮಿಲಿಮೀಟರ್ ಒಳಕ್ಕೆ ಸರಿಯುತ್ತದೆ. 900ರ ತಿರುವಿನಲ್ಲಿ 5 ಮಿಲಿಮೀಟರ್ ಮಾತ್ರ. ಬಿಗಿಯಾದ ತಿರುವಿಗೆ ಸುರಂಗ ಕಟ್ಟಬೇಕಾದರೆ ಅದರ ಬಾಯಿಯನ್ನು ಕೊಟ್ಟಿಗೆಯ ಬಾಗಿಲಿನಷ್ಟು ಅಗಲ ಮಾಡಬೇಕಾದೀತು. ಇಲ್ಲವಾದರೆ ಬೋಗಿ ಗೋಡೆಗೆ ಉಜ್ಜುತ್ತದೆ. ಆಮೇಲೆ ‘ಮಕ್ಕಳು ಸರಿಯಾಗಿ ಕಟ್ಟಲಿಲ್ಲ’ ಎಂಬ ಮಾತು ಬರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಮಾತ್ರ ನೆಲವೇ ಡೊಂಕಾಗಿದ್ದು, ಕುಣಿಯುವ ಮಕ್ಕಳಿಗೆ ಬೈಗುಳ ಬೀಳುವಂತಾಗುತ್ತದೆ.

ಸೆಟ್ ಟ್ರ್ಯಾಕಿನ ಇನ್ನೊಂದು ದೋಷ ಅದರ ಸ್ವಭಾವದಲ್ಲಿಯೇ ಇದೆ. ಅದು ಹಲಗೆಯನ್ನು ಮೊಟ್ಟೆಯಾಕಾರದ ಸುತ್ತಿಗೆ ಎಳೆಯುತ್ತದೆ. ಕಳೆದ ತಿಂಗಳು ಒಂದು ಡಬ್ಬಿಯ ಹಳಿಯನ್ನು ನೆಲದ ಮೇಲೆ ಜೋಡಿಸಿ ರೈಲು ಓಡಿಸಿದಾಗ ಬಳಗದ ಹುಡುಗಿಯೊಬ್ಬಳು ಕೇಳಿದಳು: “ಅಂಕಲ್, ಸುಬ್ರಹ್ಮಣ್ಯಕ್ಕೆ ಹೊರಟ ಟ್ರೇನು ಮತ್ತೆ ಸಕಲೇಶಪುರಕ್ಕೇ ಯಾಕೆ ಬರುತ್ತೆ?” ನೆರೆದಿದ್ದ ಹಿರಿಯರೆಲ್ಲ ನಕ್ಕರು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಘಾಟಿಯ ರೈಲು ಎಲ್ಲಿಂದಲೋ ಹೊರಟು ಇನ್ನೆಲ್ಲಿಗೋ ತಲುಪುತ್ತದೆ. ನಮ್ಮಲ್ಲಿರುವ 1.2 ಮೀಟರ್ ಉದ್ದ, 0.6 ಮೀಟರ್ ಅಗಲದ ನಾಲ್ಕು ಹಲಗೆಗಳನ್ನು ಸಾಲಾಗಿ ಇಟ್ಟರೆ 4.8 ಮೀಟರ್ ಆಗುತ್ತದೆ. 50ಕ್ಕೆ ಒಂದರ ಏರಿನಲ್ಲಿ ಆ ಉದ್ದಕ್ಕೆ ಹಳಿ 96 ಮಿಲಿಮೀಟರ್ ಮೇಲೇರುತ್ತದೆ. ಒಂದು ತುದಿ ಸಕಲೇಶಪುರದ ಕಡೆಗೆ, ಇನ್ನೊಂದು ಶಿರಿಬಾಗಿಲಿನ ಕಡೆಗೆ, ನಡುವೆ ಯಡಕುಮರಿ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದು.

‘ಬಾಗುವ ಹಳಿ ದುಬಾರಿ’ ಎಂಬ ಮಾತು ಕೇಳಿಬಂದಿದೆ. ಉದ್ದದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಸೆಟ್ ಟ್ರ್ಯಾಕಿಗಿಂತ ಅಗ್ಗವೇ. ಕತ್ತರಿಸುವ ಉಪಕರಣಕ್ಕೆ ಒಮ್ಮೆ ಹಣ ಕೊಡಬೇಕು, ಅಷ್ಟೆ. ಉಪಕರಣ ಮುಂದಿನ ವರ್ಷಗಳಿಗೂ ಉಳಿಯುತ್ತದೆ. ಜೊತೆಗೆ ಸಂದುಗಳನ್ನು ಎಣಿಸಿರಿ. 335 ಮಿಲಿಮೀಟರಿನ ಸಿದ್ಧ ತುಂಡುಗಳಾದರೆ ಪ್ರತಿ ಹಲಗೆಗೆ ನಾಲ್ಕರಂತೆ 16 ತುಂಡುಗಳು ಬೇಕು. ಬಾಗುವ ಹಳಿಯಾದರೆ ಹಲಗೆಗೆ ಎರಡರಂತೆ ಎಂಟು. ವಿದ್ಯುತ್ತು ಸೋರುವುದೂ, ಗಾಲಿ ಹಳಿ ತಪ್ಪುವುದೂ ಹೆಚ್ಚಾಗಿ ಸಂದುಗಳಲ್ಲಿಯೇ. ಸಂದು ಅರ್ಧಕ್ಕಿಳಿದರೆ ಪ್ರದರ್ಶನದ ದಿನದ ಗೋಳೂ ತಗ್ಗುತ್ತದೆ.

ಇನ್ನು ಸುರಕ್ಷತೆ. ‘ಮಕ್ಕಳ ಕೈಗೆ ಗರಗಸವೇ, ಬೆಸುಗೆಯ ಕಡ್ಡಿಯೇ?’ ಎಂದು ಪೋಷಕರು ಕೇಳುತ್ತಿದ್ದಾರೆ. ವೈದ್ಯನಾಗಿ ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಕಂಬಿಯನ್ನು ಕತ್ತರಿಸುವಾಗ ಲೋಹದ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಆದ್ದರಿಂದ ಕೊಠಡಿಯಲ್ಲಿರುವ ಪ್ರತಿಯೊಬ್ಬರಿಗೂ ರಕ್ಷಣಾ ಕನ್ನಡಕ ಕಡ್ಡಾಯವಾಗಲಿ. ಬೆಸುಗೆಯ ರಾಳದ ಹೊಗೆ ಉಬ್ಬಸಕ್ಕೆ ಕಾರಣವಾಗಬಲ್ಲುದು; ಆ ಕೆಲಸವನ್ನು ಹಿರಿಯರು, ಗಾಳಿಯಾಡುವ ಕಡೆ, ಸೀಸವಿಲ್ಲದ ಬೆಸುಗೆಯಿಂದ ಮಾಡಲಿ. ಉಬ್ಬಸವಿರುವ ಮಗು ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ. ಕತ್ತರಿಸುವುದು ಮತ್ತು ಬೆಸೆಯುವುದು ಇಡೀ ಕೆಲಸದ ಒಂದು ಚಿಕ್ಕ ಪಾಲು ಮಾತ್ರ. ಹಲಗೆಯ ಮೇಲೆ ಮಧ್ಯರೇಖೆ ಎಳೆಯುವುದು, ತ್ರಿಜ್ಯ ಅಳೆಯುವುದು, ಹಳಿಯನ್ನು ಮೆಲ್ಲಗೆ ಬಗ್ಗಿಸಿ ಕಣ್ಣಳತೆಯಿಂದ ಸರಿನೋಡುವುದು, ಮೊಳೆ ಒತ್ತುವುದು, ಇವೆಲ್ಲ ಹತ್ತು ವರ್ಷದ ಮಗುವಿಗೆ ದಕ್ಕುವ ಕೆಲಸಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮಕ್ಕಳಿಗೆ ಉಪದೇಶಿಸುವ ನಾವು, ಅವರ ಕೈಗೆ ಬಗ್ಗಿಸಲು ಒಂದು ಹಳಿಯನ್ನು ಕೊಡಲು ಹೆದರಬೇಕೆ?

ಎದುರು ತುದಿಯಲ್ಲಿ ನಿಂತಿರುವ ಹವ್ಯಾಸಿ ಮಿತ್ರರಿಗೂ ಒಂದು ಮಾತು. ಬಾಗುವ ಹಳಿಯೇ ಆಗಲಿ, ಆದರೆ ‘ಕೋಡ್ 75’ ಎಂಬ ತೆಳು ಕಂಬಿಯದೇ ಆಗಬೇಕು ಎಂಬುದು ಅವರ ಹಟ. ಕೋಡ್ ಎಂದರೆ ಕಂಬಿಯ ಎತ್ತರ, ಇಂಚಿನ ಸಾವಿರದ ಭಾಗಗಳಲ್ಲಿ. ಕೋಡ್ 75ರ ಕಂಬಿಯನ್ನು 76ರಿಂದ ಗುಣಿಸಿದರೆ 145 ಮಿಲಿಮೀಟರ್, ಕೋಡ್ 100ರದನ್ನು ಗುಣಿಸಿದರೆ 193. ಭಾರತದ 60 ಕಿಲೋ ಕಂಬಿಯ ನಿಜವಾದ ಎತ್ತರ 172. ಒಂದು ಕುಳ್ಳು, ಒಂದು ಉದ್ದ, ಎರಡೂ ಸರಿಯಲ್ಲ. ಅಲ್ಲದೆ, 16.5 ಮಿಲಿಮೀಟರ್ ಗೇಜಿನ ಹಳಿಯನ್ನು ಬ್ರಾಡ್‌ಗೇಜ್ ಎಂದು ತೋರಿಸುವಾಗಲೇ ನಾವು ಅಗಲದಲ್ಲಿ ಕಾಲು ಪಾಲನ್ನು ಬಿಟ್ಟುಕೊಟ್ಟಾಗಿದೆ. ಹೀಗಿರುವಾಗ ಕೂದಲೆಳೆಯ ಎತ್ತರಕ್ಕಾಗಿ ಜಗಳವೇಕೆ? ಎರವಲು ಬರುವ ಹಳೆಯ ಬೋಗಿಗಳ ದಪ್ಪ ಅಂಚಿನ ಗಾಲಿಗಳು ಕೋಡ್ 75ರಲ್ಲಿ ಸ್ಲೀಪರಿನ ಹಿಡಿಕೆಗಳಿಗೆ ತಗಲುವ ಸಂಭವವಿದೆ. ನಮಗೆ ಕೋಡ್ 100 ಸಾಕು, ಗಟ್ಟಿ, ತಾಳಿಕೆಯುಳ್ಳದ್ದು. ಕಂಬಿ ಮಾತ್ರ ಉಕ್ಕಿನದಾಗಿರದೆ ನಿಕಲ್ ಸಿಲ್ವರಿನದಾಗಿರಲಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕಲ್, ಸತು. ಅದು ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ; ಈ ದೇಶದ ತೇವದ ಗರಾಜುಗಳಲ್ಲಿ ಇದು ಸಣ್ಣ ಮಾತಲ್ಲ.

ಹಾಸುವಾಗ ಪಾಲಿಸಬೇಕಾದ ನಿಯಮಗಳು ಕೆಲವೇ. ಬಗ್ಗಿಸಿದಾಗ ಒಳಗಿನ ಕಂಬಿ ತುದಿಯಲ್ಲಿ ಹೊರಚಾಚುತ್ತದೆ. ಅದನ್ನು ಕತ್ತರಿಸಿ, ಅಂಚನ್ನು ಅರದಿಂದ ನಯಗೊಳಿಸಬೇಕು. ತಿರುವಿನಲ್ಲಿ ಸಂದು ಬರುವುದಾದರೆ, ಎರಡು ಪಟ್ಟಿಗಳನ್ನು ನೇರವಾಗಿರುವಾಗಲೇ ಬೆಸೆದು ಆಮೇಲೆ ಬಗ್ಗಿಸಬೇಕು. ಇಲ್ಲವಾದರೆ ಸಂದಿನಲ್ಲಿ ಮೊಣಕೈ ಮೂಡುತ್ತದೆ. ನೇರ ಹಳಿಯಿಂದ ತಿರುವಿಗೆ ಒಮ್ಮೆಲೇ ಹೊರಳದೆ, ನಿಜವಾದ ರೈಲುಮಾರ್ಗದಂತೆ, ಕ್ರಮೇಣ ಬಿಗಿಯಾಗುತ್ತ ಹೋಗಬೇಕು. ಎಡ ತಿರುವಿನ ಬೆನ್ನಿಗೇ ಬಲ ತಿರುವು ಬಂದರೆ ನಡುವೆ ಒಂದು ಬೋಗಿಯಷ್ಟು ನೇರ ಹಳಿ ಇರಲಿ. ಮೊಳೆಯನ್ನು ಅತಿಯಾಗಿ ಒತ್ತಬಾರದು. ಸ್ಲೀಪರ್ ಕುಸಿದು ಗೇಜ್ ಕಿರಿದಾಗುತ್ತದೆ.

ಸೆಟ್ ಟ್ರ್ಯಾಕಿಗೆ ಅದರದೇ ಸ್ಥಾನವಿದೆ. ಐದು ವರ್ಷದ ಮಗು ಜಮಖಾನೆಯ ಮೇಲೆ ಸಂಜೆ ಜೋಡಿಸಿ ರಾತ್ರಿ ಬಿಚ್ಚಿಡುವ ಆಟಕ್ಕೆ ಅದೇ ಸರಿ. ಪದೇ ಪದೇ ಬಿಚ್ಚಿ ಕೂಡಿಸಲು ಬಾಗುವ ಹಳಿ ತಕ್ಕುದಲ್ಲ. ಆದರೆ ನಮ್ಮ ಮಕ್ಕಳು ಆಡುತ್ತಿಲ್ಲ, ಕಟ್ಟುತ್ತಿದ್ದಾರೆ. ಅವರಲ್ಲಿ ಹಲವರು ಆ ಘಾಟಿಯನ್ನು ಕಂಡಿಲ್ಲ. ಅಪ್ಪ ಅಮ್ಮಂದಿರ ಮಾತಿನಲ್ಲಿ, ಬೇಸಿಗೆಗೆ ಬಂದುಹೋಗುವ ಅಜ್ಜ ಅಜ್ಜಿಯರ ನೆನಪಿನಲ್ಲಿ ಕೇಳಿದ್ದಾರೆ, ಅಷ್ಟೆ. ಕಾಣದ ಬೆಟ್ಟವೊಂದು ಹಳಿಯನ್ನು ಏಕೆ ಹೀಗೆಯೇ ಬಾಗಿಸಿತು ಎಂಬುದನ್ನು ಅವರು ತಮ್ಮ ಬೆರಳುಗಳಿಂದ ಅರಿಯುವ ಅವಕಾಶ ಇದು. ಆ ಅವಕಾಶವನ್ನು ನಮ್ಮ ಅನುಕೂಲಕ್ಕಾಗಿ ಡಬ್ಬಿಯೊಳಗೆ ಮುಚ್ಚುವ ಹಕ್ಕು ನಮಗಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ ಇಷ್ಟು: ಮುಖ್ಯ ಮಾರ್ಗಕ್ಕೆ ಕೋಡ್ 100ರ ಬಾಗುವ ಹಳಿಯನ್ನು, ಕತ್ತರಿಸುವಾಗ ಹಾಳಾಗುವುದಕ್ಕೂ ಸೇರಿಸಿ, ಎಂಟು ಗಜ ತರಿಸಿರಿ. ಯಡಕುಮರಿಯ ಕ್ರಾಸಿಂಗಿಗೆ 914 ಮಿಲಿಮೀಟರ್ ತ್ರಿಜ್ಯದ ಎರಡು ಪಾಯಿಂಟುಗಳನ್ನೂ, ಪಕ್ಕದ ಹಳಿಗೆ ಇನ್ನೆರಡು ಗಜವನ್ನೂ ಸೇರಿಸಿರಿ. 750 ಮಿಲಿಮೀಟರಿಗಿಂತ ಬಿಗಿಯಾದ ತಿರುವು ಎಲ್ಲಿಯೂ ಬೇಡವೆಂದು ನಿರ್ಣಯಿಸಿರಿ. ಕತ್ತರಿ, ಅರ, ಕನ್ನಡಕಗಳನ್ನು ಸಂಘದ ಆಸ್ತಿಯಾಗಿ ಕೊಳ್ಳಿರಿ. ಬೆಸುಗೆಯ ದಿನ ಮಕ್ಕಳ ಜೊತೆ ನಿಲ್ಲಲು ನಾನು ಸಿದ್ಧನಿದ್ದೇನೆ. ಇನ್ನಿಬ್ಬರು ಪೋಷಕರು ಮುಂದೆ ಬಂದರೆ ಸಾಕು. ಭಿನ್ನಾಭಿಪ್ರಾಯವುಳ್ಳವರು ದಯವಿಟ್ಟು ಲೆಕ್ಕದೊಂದಿಗೆ ಸಭೆಗೆ ಬರಲಿ. ಹಲಗೆಯ ಮೇಲೆ ಎರಡೂ ಹಳಿಗಳನ್ನಿಟ್ಟು ಮಕ್ಕಳ ಎದುರಿನಲ್ಲೇ ಚರ್ಚಿಸೋಣ.

ಇತಿ ತಮ್ಮ ವಿಶ್ವಾಸಿ,
ಸಂಘದ ಸ್ವಯಂಸೇವಕ ವೈದ್ಯ, ಎಂ.ಬಿ.ಬಿ.ಎಸ್.